ಬಾಯಿಗೆ ಬಂದದ್ದೆಲ್ಲ ಓದಲ್ಲ

ತುಮಕೂರಿನ ಸದಾಶಿವನಗರದ ಒಂದು ಮನೆ ಎಂದಿಟ್ಟುಕೊಳ್ಳಿ. ಸಂಜೆ ಏಳು ಗಂಟೆ. ಅಪ್ಪ ಕೆಲಸದಿಂದ ಬಂದು ಕೈಕಾಲು ತೊಳೆದು ಕುಳಿತಿದ್ದಾರೆ. ಅಡುಗೆಮನೆಯಲ್ಲಿ ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾರೆ. ಹತ್ತನೇ ತರಗತಿಯ ದೊಡ್ಡ ಮಗಳು ಮೂಲೆಯಲ್ಲಿ ಲೆಕ್ಕ ಬಿಡಿಸುತ್ತಿದ್ದಾಳೆ. ಎರಡನೇ ತರಗತಿಯ ಚಿಕ್ಕವಳು ಕನ್ನಡ ಪುಸ್ತಕ ಮುಂದಿಟ್ಟುಕೊಂಡು ಗಟ್ಟಿಯಾಗಿ ಪಾಠ ಒಪ್ಪಿಸುತ್ತಿದ್ದಾಳೆ. ಎಲ್ಲೂ ತಡವರಿಕೆಯಿಲ್ಲ. ಕೇಳುವವರಿಗೆ ಸಂತೋಷ.

ಅಪ್ಪ ಸುಮ್ಮನೆ ಪುಟದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು, "ಇದೇನು ಪುಟ್ಟಿ?" ಎಂದು ಕೇಳುತ್ತಾರೆ.

ಮಗು ಪದವನ್ನು ನೋಡುವುದಿಲ್ಲ. ಮೊದಲು ಚಿತ್ರ ನೋಡುತ್ತದೆ, ಆಮೇಲೆ ಅಪ್ಪನ ಮುಖ ನೋಡುತ್ತದೆ. ನಂತರ ಪಾಠದ ಮೊದಲ ಸಾಲಿನಿಂದ ಮೆಲ್ಲಗೆ ಹೇಳಿಕೊಳ್ಳುತ್ತಾ, ಮೆಟ್ಟಿಲೆಣಿಸುವ ಹಾಗೆ ಆ ಪದದವರೆಗೆ ಬರಲು ನೋಡುತ್ತದೆ. ನಡುವೆ ಲೆಕ್ಕ ತಪ್ಪುತ್ತದೆ. ಕಣ್ಣಲ್ಲಿ ನೀರು.

"ಹಾಗಾದ್ರೆ ಇಷ್ಟು ದಿನ ಓದಿದ್ದೇನು?" ಅಪ್ಪನ ಕೈ ಮೇಲೇಳುತ್ತದೆ. "ಮಗೂನ ಹೊಡೀಬೇಡಪ್ಪ, ಅದೇನು ಕದ್ದಿದ್ದಾ?" ಎಂದು ಅಜ್ಜಿ ಅಡ್ಡ ಬರುತ್ತಾರೆ.

ಅಜ್ಜಿಯ ಮಾತು ನಿಜ. ಮಗು ಕದ್ದಿಲ್ಲ, ಮೋಸ ಮಾಡಿಲ್ಲ. ದೊಡ್ಡವರು ಏನನ್ನು ಓದು ಎಂದು ಒಪ್ಪಿಕೊಂಡಿದ್ದರೋ ಅದನ್ನೇ ಅದು ಶ್ರದ್ಧೆಯಿಂದ ಮಾಡಿದೆ. ಅದು ಬಾಯಿಪಾಠ. ಓದು ಇನ್ನೂ ಶುರುವಾಗಿಲ್ಲ. ಇದು ಎರಡನೇ ತರಗತಿಯಲ್ಲೇ ಗೊತ್ತಾದದ್ದು ಆ ಮನೆಯ ಅದೃಷ್ಟವೇ ಸರಿ. ಎಷ್ಟೋ ಮನೆಗಳಲ್ಲಿ ಇದು ಐದನೇ ತರಗತಿಯವರೆಗೂ ಗೊತ್ತಾಗುವುದಿಲ್ಲ.

'ಪ್ರಥಮ್' ಸಂಸ್ಥೆಯ ನೆರವಿನಿಂದ 2005ರಲ್ಲಿ ಆರಂಭವಾದ 'ಅಸರ್' ಸಮೀಕ್ಷೆ ಹಳ್ಳಿಯ ಮನೆಮನೆಗೆ ಹೋಗಿ ಮಕ್ಕಳ ಓದನ್ನು ಪರೀಕ್ಷಿಸುತ್ತದೆ. ಮಗುವಿನ ಕೈಗೆ ಬಿಡಿ ಅಕ್ಷರ, ಬಿಡಿ ಪದ, ಸರಳ ವಾಕ್ಯಗಳು ಮತ್ತು ಎರಡನೇ ತರಗತಿಯ ಮಟ್ಟದ ಒಂದು ಪುಟ್ಟ ಕತೆ ಇರುವ ಹಾಳೆಯನ್ನು ಕೊಡುತ್ತಾರೆ. ಮಗು ಆ ಹಾಳೆಯನ್ನು ಮೊದಲೇ ಕಂಡಿರುವುದಿಲ್ಲವಾದ್ದರಿಂದ ಬಾಯಿಪಾಠ ಅಲ್ಲಿ ನಡೆಯದು. ಕರ್ನಾಟಕದ ಗ್ರಾಮೀಣ ಭಾಗದಲ್ಲಿ ಐದನೇ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ 2018ರಲ್ಲಿ ಆ ಕತೆಯನ್ನು ಓದಲಾಗಲಿಲ್ಲ. ಕೊರೊನಾದಿಂದ ಶಾಲೆಗಳು ಮುಚ್ಚಿ ತೆರೆದ ಮೇಲೆ, 2022ರಲ್ಲಿ, ಸ್ಥಿತಿ ಇನ್ನಷ್ಟು ಕುಸಿದಿತ್ತು.

ಮೂರನೆಯ ತರಗತಿ ದಾಟಿದ ಮೇಲೆ ಓದು ಎಂಬುದು ಒಂದು ವಿಷಯವಾಗಿ ಉಳಿಯುವುದಿಲ್ಲ, ಎಲ್ಲ ವಿಷಯಗಳ ಬಾಗಿಲಾಗುತ್ತದೆ. 'ಬುಟ್ಟಿಯಲ್ಲಿ 24 ತೆಂಗಿನಕಾಯಿಗಳಿದ್ದವು, 9 ಮಾರಾಟವಾದವು' ಎಂಬ ಲೆಕ್ಕದಲ್ಲಿ ಕಳೆಯುವುದು ಮಗುವಿಗೆ ಗೊತ್ತಿದೆ, ಪ್ರಶ್ನೆ ಓದಲು ಬರುವುದಿಲ್ಲ. ಮನೆಯವರು ಮಾತ್ರ 'ಲೆಕ್ಕದಲ್ಲಿ ಹಿಂದೆ' ಎಂದು ತೀರ್ಮಾನಿಸಿ ಲೆಕ್ಕದ ಟ್ಯೂಷನ್ನಿಗೆ ಸೇರಿಸುತ್ತಾರೆ. ಕೇಂದ್ರ ಸರ್ಕಾರ 2021ರ ಜುಲೈ 5ರಂದು ಆರಂಭಿಸಿದ 'ನಿಪುಣ್ ಭಾರತ್' ಯೋಜನೆಯೂ ಮಗು ಮೂರನೇ ತರಗತಿ ಮುಗಿಸುವಷ್ಟರಲ್ಲಿ ಅರ್ಥ ತಿಳಿದು ಓದುವಂತಾಗಬೇಕು ಎಂಬ ಗುರಿಯನ್ನೇ ಇಟ್ಟುಕೊಂಡಿದೆ.

ಐನೂರ ಹತ್ತು ರೂಪಗಳು

ಕನ್ನಡ ಕಲಿಸುವ ತಂದೆತಾಯಂದಿರು ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ. ವರ್ಣಮಾಲೆಯಲ್ಲಿ ಹದಿಮೂರು ಸ್ವರ, ಅಂ-ಅಃ ಎರಡು, ವ್ಯಂಜನ ಮೂವತ್ತನಾಲ್ಕು, ಒಟ್ಟು ನಲವತ್ತೊಂಬತ್ತು. ಇಷ್ಟೇ ತಾನೆ ಎಂದುಕೊಂಡರೆ ತಪ್ಪಾಯಿತು. ಒಂದೊಂದು ವ್ಯಂಜನಕ್ಕೂ ಕಾಗುಣಿತದ ಹದಿನೈದು ರೂಪಗಳು. ಮೂವತ್ತನಾಲ್ಕನ್ನು ಹದಿನೈದರಿಂದ ಗುಣಿಸಿದರೆ ಐನೂರ ಹತ್ತು. ಒತ್ತಕ್ಷರಗಳು ಇದರ ಮೇಲೆ. ಇಷ್ಟರ ಜೊತೆಗೆ 'ಕು' ಬರೆದ ರೀತಿಯಲ್ಲಿ 'ಪು' ಬರೆಯಲಾಗದು, ಅಲ್ಲಿ ಕೊಂಬು ಬೇರೆ ಕಡೆ ಹತ್ತಿಕೊಳ್ಳುತ್ತದೆ. 'ಸೂರ್ಯ' ಎಂಬಲ್ಲಿ ಅರ್ಕಾವೊತ್ತನ್ನು ಬರೆಯುವುದು ಯಕಾರದ ನಂತರ, ಉಚ್ಚರಿಸುವುದು ಅದಕ್ಕೆ ಮೊದಲು. ಮಗು 'ಸೂಯ್ರ' ಎಂದು ಓದಿದರೆ ಅದು ಕಣ್ಣಿಗೆ ಕಂಡದ್ದನ್ನು ಪ್ರಾಮಾಣಿಕವಾಗಿ ಓದಿದೆ ಎಂದೇ ಅರ್ಥ.

ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ ಕನ್ನಡ ಮಕ್ಕಳ ಆರಂಭದ ಓದನ್ನು ಕುರಿತು ಅಧ್ಯಯನ ನಡೆಸಿ 2007ರಲ್ಲಿ ಪ್ರಕಟಿಸಿದರು. ಅಕ್ಷರಗಳ ಈ ದೊಡ್ಡ ಸಂಸಾರ ಮಕ್ಕಳ ಕೈವಶವಾಗುವುದು ಒಂದು ವರ್ಷದಲ್ಲಲ್ಲ, ಅದು ನಾಲ್ಕನೇ ತರಗತಿಯ ತನಕವೂ ಮುಂದುವರಿಯುವ ಕೆಲಸ ಎಂಬುದು ಅದರ ಮುಖ್ಯ ಅಂಶ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ಮೂರು ತಿಂಗಳಲ್ಲಿ ಬಂದವು, ಕನ್ನಡವೇಕೆ ಬರಲಿಲ್ಲ ಎಂದು ಕೇಳುವವರಿಗೆ ಇದೇ ಉತ್ತರ. ಇಂಗ್ಲಿಷಿನಲ್ಲಿ ಅಕ್ಷರ ಕಡಿಮೆ, ಆದರೆ 'ಪಿ ಯು ಟಿ' ಪುಟ್ ಆಗಿ 'ಬಿ ಯು ಟಿ' ಬಟ್ ಆಗುವ ತೊಡಕು ಜೀವನಪರ್ಯಂತ. ಕನ್ನಡದಲ್ಲಿ ರೂಪಗಳು ಹೆಚ್ಚು, ಆದರೆ ಒಮ್ಮೆ ಕಲಿತ ಅಕ್ಷರ ಸಾಮಾನ್ಯವಾಗಿ ಮಾತು ತಪ್ಪುವುದಿಲ್ಲ. ಬೇಕಾದ್ದು ತಾಳ್ಮೆ ಮಾತ್ರ.

ಹಿಂದಿನ ಕೂಲಿಮಠಗಳಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಇಂದಿಗೂ ವಿಜಯದಶಮಿಯ ದಿನ ತಟ್ಟೆಯ ಅಕ್ಕಿಯಲ್ಲಿ ಮಗುವಿನ ಬೆರಳು ಹಿಡಿದು ಬರೆಸುವವರಿದ್ದಾರೆ. 'ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ' ಎಂದು ರಾಗವಾಗಿ ಹೇಳಿಕೊಂಡೇ ಇಂದಿನ ಅಜ್ಜ ಅಜ್ಜಿಯರ ಎಷ್ಟೋ ಮಂದಿ ಕಲಿತರು. ಆ ರಾಗಕ್ಕೆ ಅದರದೇ ಬೆಲೆಯಿದೆ, ನಾಲಿಗೆ ತಿರುಗುತ್ತದೆ, ಕಿವಿ ಪಳಗುತ್ತದೆ. ಆದರೆ ರಾಗ ಮುಗಿದ ಮೇಲೆ ಬಿಡಿಯಾಗಿ 'ಗಿ' ತೋರಿಸಿ ಕೇಳಿದವರು ಎಷ್ಟು ಮಂದಿ? ಅಲ್ಲಿಯೇ ಕೊರತೆ.

ಏಳು ಅಕ್ಷರದ ವಿಳಾಸ

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಅ-ಆ-ಇ-ಈ ಎಂಬ ಕ್ರಮದಿಂದಲೇ ಆಗಬೇಕೆಂದಿಲ್ಲ. ಆ ಕ್ರಮ ವ್ಯಾಕರಣದ ದೃಷ್ಟಿಯಿಂದ ಬಹಳ ಶಾಸ್ತ್ರೀಯ. ಆದರೆ ಮೊದಲ ಹದಿಮೂರು ಅಕ್ಷರ ಕಲಿತ ಮಗು ಅವುಗಳಿಂದ ಓದಬಹುದಾದ ಪದಗಳು ಬೆರಳೆಣಿಕೆಯಷ್ಟೂ ಇಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ 'ನಲಿ-ಕಲಿ' ಪದ್ಧತಿ ಬೇರೆ ದಾರಿ ಹಿಡಿಯಿತು. ಅಲ್ಲಿ ಮೊದಲ ಗುಂಪಿನ ಅಕ್ಷರಗಳು ರ, ಗ, ಸ, ದ, ಅ. ಈ ಐದರಿಂದಲೇ ಸರ, ದರ, ರಸ, ಅರಸ, ಅಗಸ, ಗರಗಸ ಓದಬಹುದು. ಎರಡನೆಯ ಗುಂಪು ಜ, ವ, ಮ, ಬ, ನ. ಈಗ ಮರ, ಜನ, ವನ, ದನ, ಮಗ, ಬಸವ ಎಲ್ಲವೂ ಸಿಕ್ಕಿದವು. ಹತ್ತು ಅಕ್ಷರ ಕಲಿತ ಮಗು ಹತ್ತಾರು ಪದಗಳ ಒಡೆಯ.

ಈ ಹತ್ತನ್ನು ಕಲಿತ ಮಗುವನ್ನು ಬಡಾವಣೆಯ ಹೆಸರಿನ ಫಲಕದ ಮುಂದೆ ನಿಲ್ಲಿಸಿ ನೋಡಬೇಕು. 'ಸದಾಶಿವನಗರ' ಎಂಬುದರಲ್ಲಿರುವುದು ಏಳು ಅಕ್ಷರ. ಅದರಲ್ಲಿ ಸ, ವ, ನ, ಗ, ರ ಐದೂ ಆಗಲೇ ಬಂದಿವೆ. 'ದಾ' ಎಂದರೆ ಗೊತ್ತಿರುವ 'ದ'ಗೆ ಇಳಿ. ಹೊಸದು 'ಶಿ' ಒಂದೇ. ಇಷ್ಟು ದಿನ ಅಂಚೆಯವನಿಗಷ್ಟೇ ಗೊತ್ತಿದ್ದ ವಿಳಾಸ ಈಗ ಮಗುವಿನದೂ ಆಯಿತು. ಪುಸ್ತಕದ ಹೊರಗೂ ಅಕ್ಷರಗಳಿವೆ, ಅವು ತನ್ನೊಡನೆ ಮಾತಾಡುತ್ತವೆ ಎಂಬುದು ಅದಕ್ಕೆ ಹೊಳೆಯುವುದು ಇಂಥ ಗಳಿಗೆಯಲ್ಲೇ.

ಕಾಗುಣಿತವನ್ನೂ ಇದೇ ರೀತಿ ಬಿಡಿಸಿ ಕಲಿಸಬಹುದು. ಒಂದು ಅಕ್ಷರದ ಹದಿನೈದು ರೂಪವನ್ನು ಒಂದೇ ದಿನ ಹೇರುವ ಬದಲು, ಒಂದು ವಾರ ಇಳಿಯನ್ನಷ್ಟೇ ತೆಗೆದುಕೊಂಡು ಗೊತ್ತಿರುವ ಅಕ್ಷರಗಳಿಗೆಲ್ಲ ತೊಡಿಸಬೇಕು. ರಾಗ, ದಾರ, ಸಾಗರ, ಮಾವ ಬರುತ್ತವೆ. ಮುಂದಿನ ವಾರ ಗುಡಿಸು. ಅದಾದ ಮೇಲೆ ಕೊಂಬು. ಹಳೆಯ ಲಗ್ನಪತ್ರಿಕೆಗಳ ಹಿಂಬದಿಯ ದಪ್ಪ ಕಾಗದವನ್ನು ಕತ್ತರಿಸಿ ಅಕ್ಷರದ ಚೀಟಿ ಮಾಡಿಕೊಂಡರೆ ಖರ್ಚೇ ಇಲ್ಲ. ಚೀಟಿಗಳನ್ನು ಜೋಡಿಸುವುದು, ಬದಲಿಸುವುದು, ಮತ್ತೆ ಓದುವುದು ಮಗುವಿಗೆ ಆಟ. ದಿನಪತ್ರಿಕೆಯ ದಪ್ಪಕ್ಷರದ ತಲೆಬರಹದಲ್ಲಿ 'ರ' ಎಲ್ಲೆಲ್ಲಿದೆ ಹುಡುಕಿ ಗುಂಡು ಸುತ್ತು ಎಂದರೆ ಅದೂ ಆಟವೇ.

ಮಕ್ಕಳಿಗೆ ಸಹಜವಾಗಿ ಕೇಳಿಸುವುದು ಇಡೀ ಅಕ್ಷರ. 'ತು-ಮ-ಕೂ-ರು' ಎಂದು ನಾಲ್ಕು ಚಪ್ಪಾಳೆ ತಟ್ಟು ಎಂದರೆ ಐದು ವರ್ಷದ ಮಗುವೂ ತಟ್ಟುತ್ತದೆ. ಆದರೆ 'ಕೂ' ಎಂದರೆ ಕ್ ಮತ್ತು ಊ ಎಂದು ಒಡೆದು ಹೇಳುವುದು ಆ ವಯಸ್ಸಿಗೆ ಕಷ್ಟ. ಅದನ್ನು ವ್ಯಾಕರಣದ ತರಗತಿಗೆ ಬಿಡುವುದು ಒಳ್ಳೆಯದು. ಕೊನೆಯ ಅಕ್ಷರದಿಂದ ಮುಂದಿನ ಪದ ಹೇಳುವ ಆಟವನ್ನು (ಮರ, ರಸ, ಸರ) ಬಸ್ಸಿನಲ್ಲಿ ಕುಳಿತೂ ಆಡಬಹುದು.

ನೆಂಟರೆಲ್ಲ ಒತ್ತಕ್ಷರದವರು

ಒತ್ತಕ್ಷರವೆಂದರೆ ಮಕ್ಕಳಿಗಿಂತ ದೊಡ್ಡವರಿಗೇ ಹೆದರಿಕೆ. ಆದರೆ ಕನ್ನಡದ ಮನೆಯಲ್ಲಿ ಕಣ್ಣಾಡಿಸಿದರೆ ಅಪ್ಪ, ಅಮ್ಮ, ಅಕ್ಕ, ಅಣ್ಣ, ತಮ್ಮ, ಅಜ್ಜ, ಅಜ್ಜಿ, ಅತ್ತೆ, ಚಿಕ್ಕಪ್ಪ, ದೊಡ್ಡಮ್ಮ ಎಲ್ಲರೂ ಒತ್ತಕ್ಷರದವರೇ! ಮಾವ, ತಂಗಿ ಇಂಥ ಕೆಲವರು ಮಾತ್ರ ಹೊರಗುಳಿದವರು. ಅದರದೇ ಒತ್ತು ಬರುವ ಈ ಪದಗಳಿಂದ ಶುರು ಮಾಡಿ, ಬೆಲ್ಲ, ಹಬ್ಬ, ಬೆಕ್ಕು ಎಂದು ಮುಂದುವರಿದು, ಆಮೇಲೆ ಬೇರೆ ಅಕ್ಷರದ ಒತ್ತಿಗೆ ಹೋದರೆ ದಾರಿ ಸಲೀಸು. ಧ, ಭ, ಘ ಇಂಥ ಮಹಾಪ್ರಾಣಗಳು ಆಡುಮಾತಿನಲ್ಲಿ ಅಷ್ಟಾಗಿ ಕೇಳಿಸುವುದಿಲ್ಲವಾದ್ದರಿಂದ ಅವು ತಡವಾಗಿ ಬಂದರೂ ಚಿಂತೆಯಿಲ್ಲ.

ಮನೆಯ ಮಾತಿಗೂ ಪುಸ್ತಕದ ಮಾತಿಗೂ ಇರುವ ಅಂತರವನ್ನೂ ನೆನಪಿಡಬೇಕು. ಈ ಸೀಮೆಯ ಎಷ್ಟೋ ಮನೆಗಳಲ್ಲಿ 'ಹಾಲು' ಎಂಬುದು 'ಆಲು'. ಮಗು ಹಾಗೆಯೇ ಬರೆದರೆ ಅದು ಅಜ್ಞಾನವಲ್ಲ, ತಾನು ಕೇಳಿದ್ದನ್ನು ಸರಿಯಾಗಿ ಬರೆದಿದೆ. 'ಮನೇಲಿ ಹೀಗಂತೀವಿ, ಪುಸ್ತಕದಲ್ಲಿ ಹೀಗೆ ಬರೀತಾರೆ' ಎಂದು ತಿಳಿಸಿದರೆ ಸಾಕು. ಇನ್ನೊಂದು ಸಂದರ್ಭ: ಪುಸ್ತಕದಲ್ಲಿ 'ಹೋಗುತ್ತಾನೆ' ಎಂದಿದೆ, ಮಗು 'ಹೋಗ್ತಾನೆ' ಎಂದು ಓದುತ್ತದೆ. ಕೂಡಲೇ ತಿದ್ದುವವರೇ ಹೆಚ್ಚು. ನಿಜವಾಗಿ ಆಗ ಸಂತೋಷಪಡಬೇಕು. ಕಂಡ ಅಕ್ಷರಗಳನ್ನು ಮಗು ಅರ್ಥಮಾಡಿಕೊಂಡು ತನ್ನ ಮಾತಾಗಿ ಹೇಳಿದೆ.

ಬಾಯಿಪಾಠವನ್ನು ಬಯ್ದು ಓಡಿಸಬೇಕಾಗಿಲ್ಲ. ಪಂಜೆ ಮಂಗೇಶರಾಯರ, ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳಲ್ಲಿ ಒಂದಾದರೂ ಬಾಯಿಗೆ ಬಾರದ ಕನ್ನಡ ಮಗು ಅಪರೂಪ. ಬಾಯಿಗೆ ಬಂದ ಹಾಡನ್ನೇ ದೊಡ್ಡ ಅಕ್ಷರದಲ್ಲಿ ಬರೆದು, ಒಂದೊಂದು ಪದದ ಕೆಳಗೂ ಬೆರಳು ಸರಿಸುತ್ತಾ ಹಾಡಿಸಬೇಕು. ಎರಡು ದಿನದ ನಂತರ ಸಾಲುಗಳನ್ನು ಕತ್ತರಿಸಿ ಕಲಸಿ, ಸರಿಯಾಗಿ ಜೋಡಿಸು ಎನ್ನಬೇಕು. ಆಮೇಲೆ ಪದಗಳನ್ನು ಕತ್ತರಿಸಬೇಕು. ನಾಲಿಗೆಗೆ ಗೊತ್ತಿದ್ದದ್ದು ಕಣ್ಣಿಗೂ ಗೊತ್ತಾಗುವುದು ಹೀಗೆ. ಬಾಯಿಪಾಠ ಓದಿಗೆ ಏಣಿಯಾಗುತ್ತದೆ.

ಯಾರು ಕಲಿಸಬೇಕು?

'ನಮಗೆ ಪುರುಸೊತ್ತಿಲ್ಲ' ಎಂಬುದು ಹೆಚ್ಚಿನ ಮನೆಗಳ ಮಾತು. ಬೇಕಾದದ್ದು ದಿನಕ್ಕೆ ಹದಿನೈದು ನಿಮಿಷ. ಭಾನುವಾರ ಎರಡು ಗಂಟೆ ಕೂರಿಸುವುದಕ್ಕಿಂತ ದಿನದ ಹದಿನೈದು ನಿಮಿಷ ಮೇಲು. ಮೊದಲು ದೊಡ್ಡವರು ಓದಬೇಕು, ಆಮೇಲೆ ಇಬ್ಬರೂ ಕೂಡಿ, ಕೊನೆಗೆ ಮಗು ಒಂದೇ. ತಡವರಿಸಿದ ಕೂಡಲೇ ಹೇಳಿಕೊಡದೆ ಐದು ಎಣಿಸುವಷ್ಟು ಹೊತ್ತು ಕಾಯಬೇಕು. ಮಗು ಬೇಸರಪಡುವ ಮೊದಲೇ ಪುಸ್ತಕ ಮುಚ್ಚಬೇಕು.

ಅಪ್ಪ ಅಮ್ಮನಿಗಿಂತ ಅಕ್ಕ ಅಣ್ಣಂದಿರು ಕೆಲವು ಸಲ ಉತ್ತಮ ಗುರುಗಳು. ಹೈಸ್ಕೂಲು, ಕಾಲೇಜಿನಲ್ಲಿರುವವರಿಗೆ ತಾವು ಅಕ್ಷರ ಕಲಿತ ಕಷ್ಟ ಇನ್ನೂ ಪೂರ್ತಿ ಮರೆತಿರುವುದಿಲ್ಲ. ತಮ್ಮನಿಗೋ ತಂಗಿಗೋ ದಿನಕ್ಕೆ ಒಂದು ಪುಟ ಓದಿಸಿದರೆ ಪರೀಕ್ಷೆಯ ಓದಿಗೆ ನಷ್ಟವೇನೂ ಇಲ್ಲ, ತಮ್ಮ ಕನ್ನಡವೂ ತಿದ್ದಿಕೊಳ್ಳುತ್ತದೆ.

ಅಕ್ಷರ ಬಾರದ ಅಜ್ಜಿಗೂ ಇಲ್ಲಿ ಕೆಲಸವಿದೆ. ಅವರು ಹೇಳಿದ ಕತೆಗಳನ್ನು ಕೇಳಿ ಬೆಳೆದ ಮಗುವಿಗೆ ಪದಗಳ ಸಂಪತ್ತು ದೊಡ್ಡದು. ಅರ್ಧ ಪದ ಓದುವಷ್ಟರಲ್ಲಿ ಉಳಿದರ್ಧ ತಾನಾಗಿ ಹೊಳೆಯುತ್ತದೆ. 'ನನಗೆ ಓದಕ್ಕೆ ಬರಲ್ಲ ಕಣೇ, ನೀನೇ ಓದಿ ಹೇಳು' ಎಂದು ಅವರು ಕೇಳಿದಾಗ ಮಗುವಿಗೆ ಸಿಗುವ ಹೆಮ್ಮೆ ಶಾಲೆಯ ಬಹುಮಾನದಲ್ಲೂ ಸಿಗದು. ಅಲ್ಲಿ ಓದು ಪರೀಕ್ಷೆಯಲ್ಲ, ಉಪಕಾರ.

ಪುಸ್ತಕಗಳಿಗೂ ಕೊರತೆಯಿಲ್ಲ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳವರು ಗ್ರಾಮ ಪಂಚಾಯಿತಿಯ ಗ್ರಂಥಾಲಯವನ್ನು ವಿಚಾರಿಸಬಹುದು. 2020ರ ನವೆಂಬರಿನಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳನ್ನು ಇಂಥ ಗ್ರಂಥಾಲಯಗಳಿಗೆ ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಳ್ಳಲಾಯಿತು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ 'ಸ್ಟೋರಿವೀವರ್' ತಾಣದಲ್ಲಿ ಕನ್ನಡದ ಚಿತ್ರಕತೆಗಳು ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡವಾಗಿ ಬಿಟ್ಟಿಯಾಗಿ ಸಿಗುತ್ತವೆ. ಮೊಬೈಲು ಮಗುವಿನ ಕೈಯಲ್ಲಿರದೆ ಅಪ್ಪನ ಕೈಯಲ್ಲಿದ್ದು, ಮಗು ಅಪ್ಪನ ಪಕ್ಕದಲ್ಲಿದ್ದರೆ ಆಯಿತು.

ಇಂಗ್ಲಿಷ್ ಮಾಧ್ಯಮದ ಮಕ್ಕಳ ಮನೆಯಲ್ಲಿ, 'ಕನ್ನಡ ಮಾತಾಡ್ತಾನಲ್ಲ, ಓದೋದು ತಾನಾಗಿ ಬರುತ್ತೆ' ಎಂಬ ನಂಬಿಕೆಯಿದೆ. ತಾನಾಗಿ ಬರುವುದಿಲ್ಲ. ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಕಡ್ಡಾಯಗೊಳಿಸಿದ ಕಾನೂನು 2015ರಲ್ಲೇ ಬಂದಿರುವುದರಿಂದ ಈ ಮಕ್ಕಳೂ ಕನ್ನಡ ಓದಲೇಬೇಕು. ಮನೆಮಾತಿನಲ್ಲಿ ಓದಿನ ಗುಟ್ಟು ಸಿಕ್ಕ ಮಗುವಿಗೆ ಇಂಗ್ಲಿಷಿನಲ್ಲೂ ಅದು ನೆರವಾಗುತ್ತದೆಯೇ ಹೊರತು ಅಡ್ಡಿಯಾಗುವುದಿಲ್ಲ.

'ದಡ್ಡ' ಎನ್ನುವ ಮುಂಚೆ

ಇಷ್ಟೆಲ್ಲ ಮಾಡಿದರೂ ಕೆಲವು ಮಕ್ಕಳಿಗೆ ಓದು ಹತ್ತುವುದಿಲ್ಲ. ಮೂರನೇ ತರಗತಿ ಮುಗಿಯುತ್ತ ಬಂದರೂ ಸರಳ ಪದಗಳಲ್ಲೇ ತಡವರಿಕೆ, ನಿನ್ನೆ ಕಲಿತ ಅಕ್ಷರ ಇಂದು ಹೊಸದು. ಆಗ ಮೊದಲು ಕಣ್ಣು ಮತ್ತು ಕಿವಿಯ ತಪಾಸಣೆ ಮಾಡಿಸಬೇಕು. ಅವು ಸರಿಯಿದ್ದರೆ ಕಲಿಕೆಯ ನ್ಯೂನತೆ, ಅಂದರೆ ಡಿಸ್ಲೆಕ್ಸಿಯಾ, ಇದೆಯೇ ಎಂದು ತಜ್ಞರನ್ನು ಕೇಳಬೇಕು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗಳಲ್ಲಿ ಇದನ್ನು ಪರೀಕ್ಷಿಸುವವರಿದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇಂಥ ಕಲಿಕೆಯ ತೊಂದರೆಯನ್ನೂ ಗುರುತಿಸಿದೆ. ಈ ಮಕ್ಕಳು ಬುದ್ಧಿಯಲ್ಲಿ ಕಡಿಮೆಯಲ್ಲ, ಇವರಿಗೆ ಬೇಕಾದ್ದು ಬೇರೆ ಬಗೆಯ ಬೋಧನೆ. ಬೆತ್ತದಿಂದ ಯಾವ ಮಗುವಿಗೂ ಅಕ್ಷರ ಸ್ಪಷ್ಟವಾಗಿ ಕಂಡದ್ದಿಲ್ಲ. ಅಕ್ಷರ ಕಂಡರೆ ಭಯ ಮಾತ್ರ ಹುಟ್ಟೀತು.

ಮತ್ತೆ ಆ ಮನೆಗೆ ಬರೋಣ. ಮೇಲೆದ್ದ ಅಪ್ಪನ ಕೈ ಅಜ್ಜಿಯ ಮಾತಿಗೆ ಇಳಿಯಿತು. ಮರುದಿನದಿಂದ ಚಿಕ್ಕವಳ ಪಾಠ ಅಕ್ಕನ ಪಾಲಿಗೆ ಬಂತು. ಅವಳು ಹಿಡಿಸಿದ ಪುಸ್ತಕ ಬೇರೆ ಯಾವುದೂ ಅಲ್ಲ, ಬಸ್ಸಿನ ಬೋರ್ಡು. ಜಿಲ್ಲೆಯ ಹತ್ತು ತಾಲ್ಲೂಕುಗಳ ಹೆಸರಿನಲ್ಲಿ ಓದಿನ ಪಾಠಗಳೆಲ್ಲ ಅಡಗಿವೆ. 'ಶಿರಾ' ಎರಡೇ ಅಕ್ಷರ. 'ಪಾವಗಡ'ದಲ್ಲಿ ಬರೀ ಒಂದು ಇಳಿ. 'ಕೊರಟಗೆರೆ', 'ತಿಪಟೂರು' ಸ್ವಲ್ಪ ಉದ್ದ. 'ಮಧುಗಿರಿ'ಯಲ್ಲಿ ಮಹಾಪ್ರಾಣ. 'ಗುಬ್ಬಿ'ಯಲ್ಲಿ ಒತ್ತು, ಜೊತೆಗೊಂದು ಹಕ್ಕಿ. 'ಕುಣಿಗಲ್'ನ ಕೊನೆಗೆ ಅರ್ಧಕ್ಷರ. ಊರಿನ ಹೆಸರಿನ ಇಂಗ್ಲಿಷ್ ಬರಹ 2014ರ ನವೆಂಬರ್ 1ರಂದು 'ತುಮ್ಕೂರ್' ಹೋಗಿ 'ತುಮಕೂರು' ಆದಾಗ, ಕನ್ನಡದ ನಾಲ್ಕು ಅಕ್ಷರಗಳ ಉಚ್ಚಾರವೇ ಇಂಗ್ಲಿಷಿಗೂ ಬಂತು.

ಒಂದು ಭಾನುವಾರ ಅಜ್ಜಿಯ ಊರಿಗೆ ಹೊರಟವರು ಬಸ್ ನಿಲ್ದಾಣದಲ್ಲಿ ನಿಂತಿದ್ದಾರೆ. ಎದುರಿಗೆ ಬಂದ ಬಸ್ಸಿನ ಬೋರ್ಡು ನೋಡಿ ಚಿಕ್ಕವಳು ತುಟಿ ಆಡಿಸುತ್ತಾಳೆ. ಅಪ್ಪನಿಗೆ ಹೇಳಿಕೊಡುವ ಆತುರ. ಅಕ್ಕ ಅವರ ಕೈ ಹಿಡಿದು, "ಇರಿ ಅಪ್ಪ, ಅವಳೇ ಓದ್ಲಿ" ಎನ್ನುತ್ತಾಳೆ. "ಚಿ... ಕ್ಕ... ನಾ... ಯ... ಕ... ನ... ಹ... ಳ್ಳಿ." ಒಂದು ಗಳಿಗೆ ಮೌನ. ನಂತರ ಒಂದೇ ಉಸಿರಿಗೆ, "ಚಿಕ್ಕನಾಯಕನಹಳ್ಳಿ! ಅಜ್ಜಿ, ಇದು ನಮ್ಮ ಬಸ್ಸಲ್ಲ!"

ಯಾರೂ ಬಾಯಿಪಾಠ ಮಾಡಿಸದ ಪದ ಅದು.